ಮನೆ ಮುಂದಿನ ರಸ್ತೆಗೆ ಸಿಟಿಯಿಂದ ಬಿಲ್ ಬಂದರೆ: ಮಿನ್ನೆಸೋಟದಲ್ಲಿ ಮನೆ ಇರುವವರಿಗೊಂದು ಮಾರ್ಗದರ್ಶಿ

ಮಿನ್ನೆಸೋಟದ ಬಹಳಷ್ಟು ಸಿಟಿಗಳಲ್ಲಿ ನಿಮ್ಮ ಮನೆ ಮುಂದಿನ ರಸ್ತೆಯನ್ನು ಅಗೆದು ಹೊಸದಾಗಿ ಮಾಡಿದರೆ, ಅದರ ಖರ್ಚಿನ ಒಂದು ಪಾಲು ನಿಮ್ಮ ತಲೆಗೇ ಬರುತ್ತದೆ. ನೂರಿನ್ನೂರು ಡಾಲರ್‌ಗೆ ಮುಗಿಯುವ ಮಾತಲ್ಲ, ಸಾವಿರಗಳ ಲೆಕ್ಕ. ಇದಕ್ಕೆ ಸ್ಪೆಷಲ್ ಅಸೆಸ್‌ಮೆಂಟ್ ಅಂತಾರೆ. ಊರಿಂದ ಬಂದು ಇಲ್ಲಿ ಮೊದಲ ಸಲ ಮನೆ ಕೊಂಡವರಿಗೆ ಇದು ನಿಜಕ್ಕೂ ಎದೆ ಧಸಕ್ಕೆನ್ನುವ ವಿಷಯ. "ವರ್ಷಾ ವರ್ಷ ಪ್ರಾಪರ್ಟಿ ಟ್ಯಾಕ್ಸ್ ಕಟ್ತಾನೇ ಇದೀವಲ್ಲ, ಮತ್ತೆ ಇದೇನು?" ಅನ್ನುವುದು ಎಲ್ಲರ ಮೊದಲ ಪ್ರಶ್ನೆ.

ನ್ಯಾಯವಾದ ಪ್ರಶ್ನೆಯೇ. ಆದರೆ ಅದೊಂದನ್ನೇ ಹಿಡಿದುಕೊಂಡು ಹಿಯರಿಂಗ್‌ಗೆ, ಅಂದರೆ ಸಿಟಿ ಜನರ ಮಾತು ಕೇಳುವ ಸಭೆಗೆ ಹೋದರೆ ಬಿಲ್ ಕಡಿಮೆಯಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದನ್ನು ಕೇಳುವುದಕ್ಕೆ ಕಾನೂನು ಕೊಟ್ಟಿರುವ ಗಡುವೂ ಇದೆ. ಗಡುವು ದಾಟಿತು ಅಂದರೆ ನಿಮ್ಮ ವಾದ ಎಷ್ಟೇ ಗಟ್ಟಿಯಾಗಿದ್ದರೂ ಕೇಳುವವರಿಲ್ಲ. ಈ ಲೇಖನ ಮುಖ್ಯವಾಗಿ ಆ ಗಡುವುಗಳ ಬಗ್ಗೆಯೇ.

ಈ ಹಣ ಯಾಕೆ ಕೇಳುತ್ತಾರೆ?

ಪ್ರಾಪರ್ಟಿ ಟ್ಯಾಕ್ಸ್ ಊರಿಗೆಲ್ಲ ಸೇರಿದ ಕೆಲಸಗಳಿಗೆ ಹೋಗುತ್ತದೆ. ಪೊಲೀಸ್, ಫೈರ್ ಸರ್ವಿಸ್, ಪಾರ್ಕು, ಚಳಿಗಾಲದಲ್ಲಿ ಹಿಮ ತಳ್ಳುವುದು ಇತ್ಯಾದಿ. ಅಸೆಸ್‌ಮೆಂಟ್ ಮಾತ್ರ ಆ ರಸ್ತೆಯ ಅಕ್ಕಪಕ್ಕದ ಮನೆಗಳಿಗಷ್ಟೇ ಬೀಳುತ್ತದೆ. ರಸ್ತೆ ಹೊಸದಾದರೆ ನಿಮ್ಮ ಮನೆಯ ಬೆಲೆ ಏರುತ್ತದೆ, ಆ ಲಾಭ ನಿಮಗೇ ಸಿಗುತ್ತದೆ, ಹಾಗಾಗಿ ಖರ್ಚಿನಲ್ಲಿ ಒಂದಿಷ್ಟು ನೀವೂ ಕೊಡಿ ಅನ್ನುವುದು ಸಿಟಿಯ ವಾದ. ಮಿನ್ನೆಸೋಟದಲ್ಲಿ ಇದಕ್ಕೆ ಆಧಾರ ರಾಜ್ಯದ ಕಾನೂನಿನ 429ನೇ ಅಧ್ಯಾಯ. ಹಿಯರಿಂಗ್‌ಗಳಲ್ಲಿ ಈ "ಫೋರ್ ಟ್ವೆಂಟಿನೈನ್" ಅನ್ನುವ ಮಾತು ಆಗಾಗ ಕೇಳಿಸುತ್ತದೆ.

ಸಿಟಿಯ ಈ ವಾದದಲ್ಲೇ ನಿಮ್ಮ ರಕ್ಷಣೆಯೂ ಇದೆ. ರಸ್ತೆಯಿಂದ ಮನೆಯ ಮಾರುಕಟ್ಟೆ ಬೆಲೆ ಎಷ್ಟು ಏರುತ್ತದೋ ಅದಕ್ಕಿಂತ ಜಾಸ್ತಿ ಅಸೆಸ್ ಮಾಡುವ ಹಾಗಿಲ್ಲ. ಲಾಭವನ್ನು ಎದ್ದು ಕಾಣುವಷ್ಟು ಮೀರಿದ ಅಸೆಸ್‌ಮೆಂಟ್ ಅಂದರೆ ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡ ಹಾಗೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1898ರಲ್ಲೇ, ಒಹಾಯೊದ ನಾರ್ವುಡ್ ಎಂಬ ಊರಿನ ಕೇಸಿನಲ್ಲಿ ಹೇಳಿತು. ಹಾಗಾಗಿ ನೀವು ಕೇಳಬೇಕಾದದ್ದು ಇದು: "ಈ ರಸ್ತೆಯಿಂದ ನನ್ನ ಮನೆಯ ಬೆಲೆ ಎಷ್ಟು ಏರುತ್ತದೆ? ಅದನ್ನು ನೀವು ಹೇಗೆ ಲೆಕ್ಕ ಹಾಕಿದಿರಿ?"

ಇನ್ನೊಂದು ಸಂಗತಿ ಗೊತ್ತಿದ್ದರೆ ಸಿಟಿಯವರ ಜೊತೆ ಮಾತಾಡುವುದು ಸುಲಭ. ರಸ್ತೆ ಕೆಲಸಕ್ಕೆ ಸಿಟಿಗಳು ಸಾಮಾನ್ಯವಾಗಿ ಬಾಂಡ್ ಮೂಲಕ ಸಾಲ ಎತ್ತುತ್ತವೆ. ಮತದಾರರ ಒಪ್ಪಿಗೆ ಇಲ್ಲದೆ 429ರ ಅಡಿ ಬಾಂಡ್ ಹೊರಡಿಸಬೇಕಾದರೆ ಖರ್ಚಿನಲ್ಲಿ ಕನಿಷ್ಠ ಶೇಕಡ 20ರಷ್ಟನ್ನು ಆಸ್ತಿಗಳ ಮೇಲೆ ಅಸೆಸ್ ಮಾಡಿರಬೇಕು. ಅಂಥ ಬಾಂಡ್ ಇಟ್ಟುಕೊಂಡ ಕಡೆ "ಪೂರ್ತಿ ಬಿಟ್ಟುಬಿಡಿ" ಅಂದರೆ ಸಿಟಿಗೆ ಒಪ್ಪಲು ದಾರಿಯೇ ಇರುವುದಿಲ್ಲ. "ಶೇಕಡ 40 ಯಾಕೆ, 25 ಯಾಕಾಗಬಾರದು?" ಅಂತ ಕೇಳಿದರೆ ಮಾತುಕತೆಗೆ ಜಾಗ ಇರುತ್ತದೆ. ಕೆಲವು ಸಿಟಿಗಳು ಅಸೆಸ್‌ಮೆಂಟ್ ಸಹವಾಸವೇ ಬೇಡ ಅಂತ ರಸ್ತೆಯ ಹಣವನ್ನು ಸಾಮಾನ್ಯ ಟ್ಯಾಕ್ಸ್‌ನಿಂದಲೋ, ಕರೆಂಟ್ ಮತ್ತು ಗ್ಯಾಸ್ ಬಿಲ್ಲಿಗೆ ಸೇರಿಸುವ ಫ್ರಾಂಚೈಸ್ ಫೀಯಿಂದಲೋ ಹೊಂದಿಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಇದೇ ಮೇಲು. ಒಂದೇ ಸಲ ಒಂದು ಮನೆಯ ಮೇಲೆ ಎಂಟು ಹತ್ತು ಸಾವಿರ ಹೇರುವುದಕ್ಕಿಂತ ಎಲ್ಲರೂ ವರ್ಷಾ ವರ್ಷ ಸ್ವಲ್ಪ ಸ್ವಲ್ಪ ಕೊಡುವುದು ವಾಸಿ. ಅದಕ್ಕೆ ಸಿಟಿಯ ಚುನಾಯಿತ ಕೌನ್ಸಿಲ್ ಮನಸ್ಸು ಮಾಡಬೇಕು, ಅಷ್ಟೇ.

ಮೊದಲ ಹೆಜ್ಜೆ: ನಿಮ್ಮ ರಸ್ತೆಯ ಸರದಿ ಯಾವಾಗ ಅಂತ ನೋಡಿ

ನೋಟಿಸ್ ಬರುವವರೆಗೆ ಕಾಯಬೇಡಿ. ಸಿಟಿಯ ವೆಬ್‌ಸೈಟಿನಲ್ಲಿ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ಲ್ಯಾನ್ ಎಂಬ ಕಡತ ಹುಡುಕಿ. ಮುಂದಿನ ಐದು ವರ್ಷ ಯಾವ್ಯಾವ ರಸ್ತೆ ಕೆಲಸ ಇದೆ ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ. ಬಹಳ ಸಿಟಿಗಳು ಪ್ರತಿ ರಸ್ತೆಗೂ ಅದರ ಸ್ಥಿತಿ ನೋಡಿ 0ಯಿಂದ 100ರವರೆಗೆ ಅಂಕ ಕೊಟ್ಟಿರುತ್ತವೆ. ನಿಮ್ಮ ರಸ್ತೆಯ ಅಂಕ ಎಷ್ಟು ಅಂತ ಎಂಜಿನಿಯರಿಂಗ್ ವಿಭಾಗಕ್ಕೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಜೊತೆಗೆ ಸಿಟಿಯ ಅಸೆಸ್‌ಮೆಂಟ್ ಪಾಲಿಸಿಯ ಪ್ರತಿ ಕೇಳಿ ಇಸ್ಕೊಳ್ಳಿ. ನಾಲ್ಕಾರು ಪುಟ ಇರಬಹುದು. ಎಷ್ಟು ಪಾಲು ಮನೆಯವರದು, ಮೂಲೆ ಮನೆಗೆ ಏನು ನಿಯಮ, ಬಡ್ಡಿ ಎಷ್ಟು, ಎಷ್ಟು ವರ್ಷದ ಕಂತು, ಎಲ್ಲವೂ ಅದರಲ್ಲಿ ಬರೆದಿರುತ್ತದೆ.

ಯಾರಾದರೂ ನೆರೆಯವರು ರಸ್ತೆ ರಿಪೇರಿ ಬೇಕು ಅಂತ ಸಹಿ ಸಂಗ್ರಹಕ್ಕೆ ಬಂದರೆ ಸುಮ್ನೆ ಸಹಿ ಹಾಕಬೇಡಿ, ಪೂರ್ತಿ ಓದಿ. ರಸ್ತೆಗೆ ತಾಗಿದ ಜಾಗದ ಶೇಕಡ 35ರಷ್ಟರ ಮಾಲೀಕರು ಅರ್ಜಿ ಕೊಟ್ಟರೆ, ಕೆಲಸಕ್ಕೆ ಆದೇಶ ಕೊಡಲು ಕೌನ್ಸಿಲ್‌ನಲ್ಲಿ ಬರೀ ಬಹುಮತ ಸಾಕು. ಎಲ್ಲ ಮಾಲೀಕರೂ ಸೇರಿ, ಪೂರ್ತಿ ಖರ್ಚು ನಮ್ಮ ಮೇಲೇ ಹಾಕಿ ಅಂತ ಬರೆದುಕೊಟ್ಟರೆ ಹಿಯರಿಂಗ್ ಕೂಡ ಇಲ್ಲದೆ ಕೆಲಸಕ್ಕೆ ಆದೇಶ ಕೊಡಬಹುದು.

ಎರಡನೇ ಹೆಜ್ಜೆ: ಎಂಜಿನಿಯರ್ ವರದಿಯನ್ನು ಓದಿ

ಕೆಲಸ ಶುರುವಾಗುವ ಮುಂಚೆ ಎಂಜಿನಿಯರ್ ಒಂದು ಫೀಸಿಬಿಲಿಟಿ ರಿಪೋರ್ಟ್ ತಯಾರಿಸುತ್ತಾರೆ. ಇದನ್ನು ಓದುವವರು ಕಡಿಮೆ. ಆದರೆ ಎಲ್ಲ ಗುಟ್ಟೂ ಇದರಲ್ಲೇ ಇರುತ್ತದೆ.

ಮೊದಲು ಕೆಲಸ ಯಾವ ಬಗೆಯದು ಅಂತ ನೋಡಿ. ಮೇಲಿನ ಡಾಂಬರಿನ ಒಂದೆರಡು ಇಂಚು ಕೆರೆದು ಹೊಸ ಪದರ ಹಾಕುವುದು ಮಿಲ್ ಅಂಡ್ ಓವರ್‌ಲೇ. ಕೆಳಗಿನ ಜಲ್ಲಿ, ಮಣ್ಣು ಎಲ್ಲ ತೆಗೆದು ಬುಡದಿಂದ ಕಟ್ಟುವುದು ರೀಕನ್‌ಸ್ಟ್ರಕ್ಷನ್. ಇವೆರಡರ ಖರ್ಚಿನ ನಡುವೆ ಭಾರಿ ಅಂತರ. ತಳ ಇನ್ನೂ ಗಟ್ಟಿ ಇದ್ದರೆ ಮಿಲ್ ಅಂಡ್ ಓವರ್‌ಲೇ ಸಾಕಾಗಬಹುದು. ತಳವೇ ಕುಸಿದಿದ್ದರೆ ಮೇಲೆ ಎಷ್ಟು ಡಾಂಬರು ಬಳಿದರೂ ಕೆಲವೇ ಚಳಿಗಾಲದಲ್ಲಿ ಮತ್ತೆ ಬಿರುಕು ಬಿಡುತ್ತದೆ. ಬಿರುಕಿಗೆ ನೀರಿಳಿದು, ಹೆಪ್ಪುಗಟ್ಟಿ ಹಿಗ್ಗಿ, ಮತ್ತೆ ಕರಗಿ ಹೊಂಡ ಆಗುವುದನ್ನು ಇಲ್ಲಿ ಪ್ರತಿ ಮಾರ್ಚ್‌ನಲ್ಲೂ ನೋಡುತ್ತೇವಲ್ಲ. ಮಣ್ಣು ಪರೀಕ್ಷೆಯ ಫಲಿತಾಂಶ ವರದಿಯ ಕೊನೆಯಲ್ಲಿ ಸೇರಿಸಿರುತ್ತಾರೆ. ಬುಡದಿಂದ ಕಟ್ಟುವುದು ಬೇಕೇ ಬೇಕಾ ಅನ್ನುವುದಕ್ಕೆ ಅದೇ ಸಾಕ್ಷಿ.

ಎರಡನೆಯದು, ಖರ್ಚಿನ ಪಟ್ಟಿಯಲ್ಲಿ ಏನೇನು ಸೇರಿದೆ? ರಸ್ತೆ ಅಗೆದಾಗಲೇ ನೀರಿನ ಪೈಪು, ಒಳಚರಂಡಿ ಕೂಡ ಬದಲಿಸುತ್ತಾರೆ. ಅದರ ಖರ್ಚು ನೀವು ಪ್ರತಿ ತಿಂಗಳೋ ಮೂರು ತಿಂಗಳಿಗೊಮ್ಮೆಯೋ ಕಟ್ಟುವ ನೀರಿನ ಬಿಲ್ಲಿನ ನಿಧಿಯಿಂದ ಬರುತ್ತದಾ, ಇಲ್ಲ ಅದನ್ನೂ ಅಸೆಸ್‌ಮೆಂಟಿಗೆ ಸೇರಿಸಿದ್ದಾರಾ ಅಂತ ಕೇಳಿ.

ಮೂರನೆಯದು ಹಂಚಿಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಅನ್ಯಾಯ ಆಗುವುದು ಇಲ್ಲೇ. ಲೆಕ್ಕಕ್ಕೆ ಒಂದು ಊಹೆಯ ಬಡಾವಣೆ ತಗೊಳ್ಳೋಣ. 60 ಮನೆ, ಒಟ್ಟು ಖರ್ಚು 12 ಲಕ್ಷ ಡಾಲರ್, ಅದರಲ್ಲಿ ಮನೆಯವರ ಪಾಲು ಶೇಕಡ 40, ಅಂದರೆ 4,80,000 ಡಾಲರ್. ಮನೆಗೆ ಇಷ್ಟು ಅಂತ ಸಮನಾಗಿ ಹಂಚಿದರೆ ಪ್ರತಿ ಮನೆಗೆ 8,000 ಡಾಲರ್. ರಸ್ತೆಗೆ ತಾಗಿದ ಅಡಿಯ ಲೆಕ್ಕದಲ್ಲಿ, ಅಂದರೆ ಫ್ರಂಟ್ ಫುಟ್ ಲೆಕ್ಕದಲ್ಲಿ ಹಂಚಿದರೆ? ಎಲ್ಲ ಸೈಟುಗಳ ಮುಂಭಾಗ ಸೇರಿ 4,800 ಅಡಿ ಅಂದುಕೊಳ್ಳಿ. ಅಡಿಗೆ 100 ಡಾಲರ್ ಆಯಿತು. 80 ಅಡಿ ಸೈಟಿನವರಿಗೆ ಅದೇ 8,000. ಕಲ್-ಡಿ-ಸ್ಯಾಕ್, ಅಂದರೆ ಮುಂದೆ ದಾರಿ ಇಲ್ಲದ ರಸ್ತೆಯ ತುದಿಯಲ್ಲಿರುವ, ಮುಂದೆ ಬರೀ 45 ಅಡಿ ಇರುವ ಮನೆಗೆ 4,500. ಎರಡು ರಸ್ತೆಗೆ ತಾಗಿದ ಮೂಲೆ ಮನೆಗೆ ಒಂದು ಕಡೆ 80, ಇನ್ನೊಂದು ಕಡೆ 130 ಅಡಿ ಇದ್ದರೆ 21,000 ಡಾಲರ್! ಅದೇ ರಸ್ತೆ, ಅದೇ ಅಳತೆಯ ಮನೆ. ಮೂಲೆ ಮನೆಯ ಬೆಲೆ ಪಕ್ಕದ ಮನೆಗಿಂತ 13,000 ಜಾಸ್ತಿ ಏರುತ್ತದಾ? ಇಲ್ಲ ಅಲ್ವಾ. ಅದಕ್ಕೇ ಬಹಳ ಸಿಟಿಗಳು ಮೂಲೆ ಮನೆಗೆ ಒಂದು ಬದಿಯನ್ನು ಮಾತ್ರ, ಇಲ್ಲವೇ ಉದ್ದದ ಬದಿಯಲ್ಲಿ ಒಂದು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ನಿಮ್ಮದು ಮೂಲೆ ಮನೆಯಾದರೆ ಪಾಲಿಸಿಯ ಆ ಸಾಲನ್ನು ಎರಡು ಸಲ ಓದಿ, ನಿಮ್ಮ ಹೆಸರಿನ ಮುಂದೆ ಬರೆದಿರುವ ಅಡಿಯನ್ನು ಸೈಟಿನ ನಕ್ಷೆಯ ಜೊತೆ ತಾಳೆ ನೋಡಿ.

ಮೂರನೇ ಹೆಜ್ಜೆ: ಮೊದಲ ಹಿಯರಿಂಗ್‌ಗೆ ಹೋಗಲೇಬೇಕು

ಹಿಯರಿಂಗ್ ಎರಡು ಇರುತ್ತವೆ. ಮೊದಲನೆಯದು, ಈ ಕೆಲಸ ಮಾಡಬೇಕಾ ಬೇಡವಾ ಅನ್ನುವುದರ ಬಗ್ಗೆ. ಕನಿಷ್ಠ 10 ದಿನ ಮುಂಚೆ ನಿಮಗೆ ಅಂಚೆಯಲ್ಲಿ ನೋಟಿಸ್ ಬರಬೇಕು. ಜಂಕ್ ಮೇಲ್ ಜೊತೆ ಸೇರಿ ಕಸದ ಬುಟ್ಟಿಗೆ ಹೋಗುವ ಕಾಗದ ಇದೇ, ಎಚ್ಚರ.

ಈ ಹಂತದಲ್ಲಿ ನಿಮಗೆ ಇರುವ ಬಲ ಆಮೇಲೆ ಇರುವುದಿಲ್ಲ. ಮನೆಯವರ ಅರ್ಜಿ ಇಲ್ಲದೆ ಕೌನ್ಸಿಲ್ ತಾನೇ ಕೆಲಸ ಎತ್ತಿಕೊಂಡಿದ್ದರೆ, ಅದಕ್ಕೆ ಐದರಲ್ಲಿ ನಾಲ್ಕು ಪಾಲು ಮತ ಬೇಕು. ಐದು ಜನರ ಕೌನ್ಸಿಲ್‌ನಲ್ಲಿ ಇಬ್ಬರು ಬೇಡ ಅಂದರೂ ಕೆಲಸ ನಿಲ್ಲುತ್ತದೆ. ಏಳು ಜನರ ಕೌನ್ಸಿಲ್‌ನಲ್ಲೂ ಅಷ್ಟೇ, ಇಬ್ಬರು ಸಾಕು. ಇದು ಗೊತ್ತಿರುವವರು ಹಿಯರಿಂಗ್ ದಿನ ಮೈಕ್ ಮುಂದೆ ಕೂಗಾಡುವುದಿಲ್ಲ. ಎರಡು ವಾರ ಮುಂಚೆಯೇ ತಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರನ್ನು ಕರೆದು ರಸ್ತೆ ತೋರಿಸುತ್ತಾರೆ, ಲೆಕ್ಕ ಕೇಳುತ್ತಾರೆ.

ಮಾತಾಡಲು ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಕೆಲಸದ ವ್ಯಾಪ್ತಿ, ವರ್ಷ ಮುಂದೂಡುವುದು, ರಸ್ತೆಯ ಅಗಲ, ಸೈಡ್‌ವಾಕ್ ಬೇಕಾ ಬೇಡವಾ, ಇವೆಲ್ಲ ಇಲ್ಲಿ ಎತ್ತುವ ವಿಷಯ. ರಸ್ತೆ ಒಂದೆರಡು ಅಡಿ ಕಿರಿದಾದರೂ ಡಾಂಬರಿನ ಖರ್ಚು ಇಳಿಯುತ್ತದೆ. ಹತ್ತು ಮನೆಯವರು ಒಂದೇ ಮಾತು ಹೇಳುವ ಬದಲು ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು ಹೇಳಿದರೆ ಕೌನ್ಸಿಲ್ ಕಿವಿಗೊಟ್ಟು ಕೇಳುತ್ತದೆ.

ನಾಲ್ಕನೇ ಹೆಜ್ಜೆ: ಎರಡನೇ ಹಿಯರಿಂಗ್‌ಗೆ ಮುಂಚೆ ಬರೆದು ಕೊಡಿ

ಎರಡನೆಯದು ಅಸೆಸ್‌ಮೆಂಟ್ ಹಿಯರಿಂಗ್. ಯಾರಿಗೆ ಎಷ್ಟು ಅಂತ ತೀರ್ಮಾನ ಆಗುವುದು ಇಲ್ಲಿ. ನೋಟಿಸ್ ಕನಿಷ್ಠ ಎರಡು ವಾರ ಮುಂಚೆ ಬರುತ್ತದೆ, ನಿಮ್ಮ ಮೊತ್ತವೂ ಅದರಲ್ಲಿರುತ್ತದೆ. ಇದು ಕೆಲಸಕ್ಕೆ ಮುಂಚೆಯೂ ನಡೆಯಬಹುದು, ಮುಗಿದ ಮೇಲೂ ನಡೆಯಬಹುದು. ಒಂದೊಂದು ಸಿಟಿಯದು ಒಂದೊಂದು ಪದ್ಧತಿ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಆಕ್ಷೇಪ ಲೆಕ್ಕಕ್ಕಿಲ್ಲ. ಮುಂದೆ ಕೋರ್ಟಿಗೆ ಹೋಗುವ ಹಕ್ಕು ಉಳಿಯಬೇಕಾದರೆ, ಸಹಿ ಹಾಕಿದ ಲಿಖಿತ ಆಕ್ಷೇಪ ಹಿಯರಿಂಗ್‌ಗೆ ಮುಂಚೆ ಸಿಟಿ ಕ್ಲರ್ಕ್ ಕೈ ಸೇರಿರಬೇಕು, ಇಲ್ಲವೇ ಹಿಯರಿಂಗ್ ನಡೆಯುವಾಗಲೇ ಅಧ್ಯಕ್ಷತೆ ವಹಿಸಿದವರ ಕೈಗೆ ಕೊಡಬೇಕು. ಮಾರನೇ ದಿನ ಕೊಟ್ಟರೆ ಪ್ರಯೋಜನವಿಲ್ಲ. ಹಿಯರಿಂಗ್‌ನಲ್ಲಿ ಮೂರು ನಿಮಿಷ ಚೆನ್ನಾಗಿ ವಾದ ಮಾಡಿ, ಕಾಗದ ಕೊಡದೆ ಮನೆಗೆ ಬಂದವರು ಅಲ್ಲಿಗೇ ಹಕ್ಕು ಕಳೆದುಕೊಳ್ಳುತ್ತಾರೆ.

ಕಾಗದ ಉದ್ದ ಇರಬೇಕಾಗಿಲ್ಲ, ವಕೀಲರೂ ಬೇಡ. ನಿಮ್ಮ ಹೆಸರು, ವಿಳಾಸ, ಟ್ಯಾಕ್ಸ್ ಸ್ಟೇಟ್‌ಮೆಂಟಿನಲ್ಲಿರುವ ಪ್ರಾಪರ್ಟಿ ಐಡಿ ನಂಬರ್, ಪ್ರಾಜೆಕ್ಟಿನ ಹೆಸರು, ಪ್ರಸ್ತಾಪಿಸಿರುವ ಮೊತ್ತ. ಆಮೇಲೆ ಒಂದು ವಾಕ್ಯ: ಈ ಮೊತ್ತ ನನ್ನ ಆಸ್ತಿಗೆ ಸಿಗುವ ಲಾಭಕ್ಕಿಂತ ಜಾಸ್ತಿ ಇದೆ, ಹಾಗಾಗಿ ಇದಕ್ಕೆ ನನ್ನ ಆಕ್ಷೇಪವಿದೆ. ದಿನಾಂಕ, ಸಹಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಸಹಿ ಹಾಕಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ "ಸ್ವೀಕರಿಸಿದೆ" ಎಂಬ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ಇಡೀ ರಸ್ತೆಯವರು ಸೇರಿ ಒಂದೇ ಪತ್ರ ಕೊಟ್ಟಿದ್ದರೂ ನಿಮ್ಮ ಮನೆಯದು ಬೇರೆ ಕೊಡಿ.

ಕೋರ್ಟಿಗೆ ಹೋಗುವ ಯೋಚನೆ ಇಲ್ಲದಿದ್ದರೂ ಕಾಗದ ಕೊಡಿ ಅನ್ನುತ್ತೇನೆ. ಕೌನ್ಸಿಲ್ ಆ ಹಂತದಲ್ಲೂ ಮೊತ್ತ ಬದಲಿಸಬಹುದು. ಲಿಖಿತ ಆಕ್ಷೇಪ ಹೆಚ್ಚು ಬಂದಷ್ಟೂ ಸಿಟಿಯ ವಕೀಲರು ಲೆಕ್ಕವನ್ನು ಮತ್ತೊಮ್ಮೆ ನೋಡುವ ಸಾಧ್ಯತೆ ಹೆಚ್ಚು.

ಐದನೇ ಹೆಜ್ಜೆ: ಕಟ್ಟುವುದು ಹೇಗೆ

ಕೌನ್ಸಿಲ್ ಅಸೆಸ್‌ಮೆಂಟಿಗೆ ಒಪ್ಪಿಗೆ ಕೊಟ್ಟ ದಿನದಿಂದ 30 ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಆಗದಿದ್ದರೆ ಕಂತು ಕಂತಾಗಿ ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಜೊತೆ ಬರುತ್ತದೆ. ಮೇ 15ಕ್ಕೆ ಅರ್ಧ, ಅಕ್ಟೋಬರ್ 15ಕ್ಕೆ ಅರ್ಧ.

ಅದೇ 8,000 ಡಾಲರನ್ನು 10 ವರ್ಷಕ್ಕೆ, ಶೇಕಡ 5ರ ಬಡ್ಡಿಗೆ ಹಾಕಿ ನೋಡೋಣ. ಪ್ರತಿ ವರ್ಷ ಅಸಲು 800. ಮೊದಲ ವರ್ಷದ ಬಡ್ಡಿ ಮಾತ್ರ ಜಾಸ್ತಿ. ಯಾಕೆಂದರೆ ಒಪ್ಪಿಗೆ ಕೊಟ್ಟ ದಿನದಿಂದ ಮುಂದಿನ ವರ್ಷದ ಡಿಸೆಂಬರ್ 31ರವರೆಗೂ ಬಡ್ಡಿ ಓಡುತ್ತದೆ. ಅಕ್ಟೋಬರ್ ಮೊದಲಲ್ಲಿ ಒಪ್ಪಿಗೆ ಆಗಿದ್ದರೆ 15 ತಿಂಗಳ ಬಡ್ಡಿ, 500 ಡಾಲರ್. ಹಾಗಾಗಿ ಮೊದಲ ವರ್ಷ 1,300, ಎರಡನೇ ವರ್ಷ 1,160, ಹೀಗೆ ಇಳಿಯುತ್ತಾ ಕೊನೆಯ ವರ್ಷ 840. ಒಟ್ಟು ಬಡ್ಡಿ 2,300. ಕೈಯಲ್ಲಿ ಹಣ ಇದ್ದರೆ 30 ದಿನದೊಳಗೆ ಮುಗಿಸುವುದು ಲೇಸು. ಅದಕ್ಕಾಗಿ ಕ್ರೆಡಿಟ್ ಕಾರ್ಡ್ ಉಜ್ಜುವುದು ಮಾತ್ರ ಖಂಡಿತ ಬೇಡ.

ಮನೆ ಸಾಲ ಇದ್ದು, ಎಸ್ಕ್ರೋ ಮೂಲಕ, ಅಂದರೆ ತಿಂಗಳ ಕಂತಿನ ಜೊತೆ ಸಾಲ ಕೊಟ್ಟವರೇ ಹಣ ತೆಗೆದಿಟ್ಟು ಟ್ಯಾಕ್ಸ್ ಕಟ್ಟುತ್ತಿದ್ದರೆ ಸಾಲ ಕೊಟ್ಟವರಿಗೆ ಮುಂಚೆಯೇ ತಿಳಿಸಿ. ಇಲ್ಲದಿದ್ದರೆ ಟ್ಯಾಕ್ಸ್ ಏರಿದ್ದನ್ನು ಅವರು ತಡವಾಗಿ ಗಮನಿಸಿ, ಎಸ್ಕ್ರೋದಲ್ಲಿ ಹಣ ಸಾಲದು ಅಂತ ತಿಂಗಳ ಕಂತನ್ನು ಒಮ್ಮೆಲೇ ಏರಿಸುತ್ತಾರೆ.

65 ವರ್ಷ ದಾಟಿದವರಿಗೆ, ಶಾಶ್ವತ ಅಂಗವೈಕಲ್ಯದಿಂದ ಕೆಲಸ ಬಿಟ್ಟವರಿಗೆ, ಸೇವೆಗೆ ಕರೆ ಬಂದಿರುವ ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಯವರಿಗೆ ಕಟ್ಟುವುದು ಕಷ್ಟವಾದರೆ ಅಸೆಸ್‌ಮೆಂಟನ್ನು ಮುಂದೂಡಲು ಕಾನೂನು ಅವಕಾಶ ಕೊಟ್ಟಿದೆ. ಕೊಡುವುದು ಬಿಡುವುದು ಸಿಟಿಯ ಇಷ್ಟ. ವಾಸದ ಮನೆಗೆ ಮಾತ್ರ ಇದು ಅನ್ವಯ, ಮನೆಯೂ ಅವರ ಹೆಸರಲ್ಲೇ ಇರಬೇಕು. ಊರಿಂದ ಬಂದು ನಿಮ್ಮ ಜೊತೆ ಇರುವ ಅಪ್ಪ ಅಮ್ಮನಿಗೆ 70 ಆಗಿದೆ ಅಂತ ಇದು ಸಿಗುವುದಿಲ್ಲ. ಇದು ಮನ್ನಾ ಅಲ್ಲ ಅನ್ನುವುದೂ ಗೊತ್ತಿರಲಿ. ಮನೆ ಮಾರಿದಾಗ ಅಥವಾ ಮಾಲೀಕರು ತೀರಿಕೊಂಡಾಗ ಹಣ ಕಟ್ಟಬೇಕು, ಬಡ್ಡಿಯೂ ಸೇರಿರಬಹುದು.

ಇನ್ನು ಫೆಡರಲ್ ಇನ್‌ಕಮ್ ಟ್ಯಾಕ್ಸ್. ಮನೆಯ ಬೆಲೆ ಏರಿಸುವ ಅಸೆಸ್‌ಮೆಂಟನ್ನು ಪ್ರಾಪರ್ಟಿ ಟ್ಯಾಕ್ಸ್ ಅಂತ ಕಳೆಯುವ ಹಾಗಿಲ್ಲ. ಅದನ್ನು ಮನೆಯ ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು, ಮುಂದೆ ಮಾರುವಾಗ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ರಸೀದಿ ಜೋಪಾನ.

ಕೋರ್ಟಿಗೆ ಹೋಗಬೇಕಾ?

ಒಪ್ಪಿಗೆಯಾದ 30 ದಿನದೊಳಗೆ ಮೇಯರ್‌ಗೆ ಅಥವಾ ಸಿಟಿ ಕ್ಲರ್ಕ್‌ಗೆ ಅಪೀಲಿನ ನೋಟಿಸ್ ಕೊಡಬೇಕು. ಕೊಟ್ಟ 10 ದಿನದೊಳಗೆ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ದಾಖಲಿಸಬೇಕು. ಕೋರ್ಟು ಮೊದಲಿಗೆ ಸಿಟಿಯ ಲೆಕ್ಕವೇ ಸರಿ ಅಂದುಕೊಂಡು ಶುರು ಮಾಡುತ್ತದೆ. ತಪ್ಪು ಅಂತ ತೋರಿಸುವ ಹೊಣೆ ನಿಮ್ಮದು. ಅದಕ್ಕೆ ಲೈಸೆನ್ಸ್ ಇರುವ ಅಪ್ರೈಸರ್ ಬೇಕು. ರಸ್ತೆಗೆ ಮುಂಚೆ ಮನೆಯ ಬೆಲೆ ಎಷ್ಟು, ಆಮೇಲೆ ಎಷ್ಟು ಅಂತ ಅವರು ಹೇಳಬೇಕು. ಅಪ್ರೈಸರ್, ವಕೀಲರು ಸೇರಿದರೆ ಅದೇ ಸಾವಿರಗಳಾಗುತ್ತದೆ. 8,000 ಡಾಲರ್ ಬಿಲ್ಲಿಗೆ ಒಬ್ಬರೇ ಹೋಗುವುದು ಗಿಟ್ಟುವುದಿಲ್ಲ. 21,000ದ ಮೂಲೆ ಮನೆಯಾದರೆ, ಅಥವಾ ನಾಲ್ಕೈದು ಮನೆಯವರು ಒಬ್ಬರೇ ವಕೀಲರನ್ನು ಹಿಡಿದು ಖರ್ಚು ಹಂಚಿಕೊಂಡರೆ ಯೋಚಿಸಬಹುದು. ಗೆದ್ದರೆ ಅಸೆಸ್‌ಮೆಂಟ್ ರದ್ದಾಗಬಹುದು, ಆದರೆ ಸಿಟಿ ಮತ್ತೆ ಹೊಸ ಲೆಕ್ಕ ಹಾಕಬಹುದು ಅನ್ನುವುದು ತಿಳಿದಿರಲಿ.

ಬೇರೆ ರಾಜ್ಯದಲ್ಲಿರುವವರಿಗೆ

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1996ರ ಪ್ರಪೊಸಿಷನ್ 218ರ ಪ್ರಕಾರ ಮಾಲೀಕರಿಗೆ ಮತಪತ್ರ ಕಳಿಸಬೇಕು. ಜಾಸ್ತಿ ಕಟ್ಟುವವರ ಮತಕ್ಕೆ ಜಾಸ್ತಿ ತೂಕ, ವಿರೋಧವೇ ಹೆಚ್ಚಾದರೆ ಅಸೆಸ್‌ಮೆಂಟ್ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಿಟಿ ತಾನಾಗಿ ಎತ್ತಿಕೊಂಡ ಕೆಲಸಕ್ಕೆ, ಖರ್ಚಿನ ಶೇಕಡ 60ರಷ್ಟನ್ನು ಹೊರುವ ಮಾಲೀಕರು ವಿರೋಧಿಸಿದರೆ ಸಾಮಾನ್ಯವಾಗಿ ಅದು ಅಲ್ಲಿಗೇ ನಿಲ್ಲುತ್ತದೆ. ವಿಸ್ಕಾನ್ಸಿನ್‌ನಲ್ಲಿ ಅಪೀಲಿಗೆ 90 ದಿನ ಸಿಗುತ್ತದೆ. ನಾರ್ತ್ ಡಕೋಟದ ಫಾರ್ಗೋ ಕಡೆ ಇದನ್ನು "ಸ್ಪೆಷಲ್ಸ್" ಅಂತಲೇ ಕರೆಯುತ್ತಾರೆ. ಅಲ್ಲಿ ಮನೆ ಕೊಳ್ಳುವಾಗ "ಸ್ಪೆಷಲ್ಸ್ ಎಷ್ಟು ಬಾಕಿ ಇದೆ?" ಅಂತ ಎಲ್ಲರೂ ಕೇಳುತ್ತಾರೆ.

ಮನೆ ಕೊಳ್ಳುವ, ಮಾರುವ ಮುಂಚೆ

ಮಿನ್ನೆಸೋಟದಲ್ಲೂ ಇದನ್ನು ಕೇಳಲೇಬೇಕು. ಅಸೆಸ್‌ಮೆಂಟಿನಲ್ಲಿ ಎರಡು ಬಗೆ ಇದೆ. ಲೆವೀಡ್ ಅಂದರೆ ಕೌನ್ಸಿಲ್ ಈಗಾಗಲೇ ಒಪ್ಪಿ ಆಸ್ತಿಯ ಮೇಲೆ ಹಾಕಿದ್ದು. ಪೆಂಡಿಂಗ್ ಅಂದರೆ ಕೆಲಸಕ್ಕೆ ಆದೇಶ ಆಗಿದೆ, ಮೊತ್ತ ಇನ್ನೂ ಆಸ್ತಿಯ ಮೇಲೆ ಬಿದ್ದಿಲ್ಲ. ಇವೆರಡರಲ್ಲಿ ಯಾವುದನ್ನು ಮಾರುವವರು ಕಟ್ಟಬೇಕು, ಯಾವುದನ್ನು ಕೊಳ್ಳುವವರು ಹೊರಬೇಕು ಅಂತ ಪರ್ಚೇಸ್ ಅಗ್ರಿಮೆಂಟಿನಲ್ಲಿ ಗುರುತು ಹಾಕುವ ಜಾಗ ಇರುತ್ತದೆ. ಏಜೆಂಟ್ ಅವಸರದಲ್ಲಿ ಅದನ್ನು ದಾಟಿಸಿಬಿಡಬಹುದು. ಅಲ್ಲೇ ನಿಲ್ಲಿಸಿ ಕೇಳಿ. ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯ ಅಸೆಸ್‌ಮೆಂಟ್ ಸರ್ಚ್‌ನಲ್ಲಿ ಇವೆರಡು ಸಿಗುತ್ತವೆ. ಸಿಗದೇ ಇರುವುದು ಮೂರನೆಯದು: ಐದು ವರ್ಷದ ಪಟ್ಟಿಯಲ್ಲಿದ್ದು ಇನ್ನೂ ಆದೇಶವಾಗದ ರಸ್ತೆ. ಕಾಗದದ ಮೇಲೆ ಎಲ್ಲೂ ಇರದ ಈ ಖರ್ಚು ಕೊಂಡವರ ತಲೆಗೇ ಬರುತ್ತದೆ. ಆಫರ್ ಕೊಡುವ ಮುಂಚೆ ಸಿಟಿಯ ಎಂಜಿನಿಯರಿಂಗ್ ವಿಭಾಗಕ್ಕೆ ಒಂದು ಫೋನ್ ಮಾಡಿ, ಆ ಮನೆಯ ವಿಳಾಸ ಹೇಳಿ, ರಸ್ತೆಯ ಸರದಿ ಯಾವ ವರ್ಷ, ಈಗಿನ ದರದಲ್ಲಿ ಮನೆಗೆ ಎಷ್ಟು ಬೀಳುತ್ತಿದೆ ಅಂತ ಕೇಳಿ. ಆ ಮೊತ್ತವನ್ನು ಚೌಕಾಸಿಗೆ ಬಳಸಿಕೊಳ್ಳಿ.